ಆಲ್ಬಮ್ಮಿನಲ್ಲಿ ನನ್ನ ಕಾರ್ಡು

ಚೂಯಿಂಗ್ ಗಮ್ ಮಾರುವಂತಿಲ್ಲದ ಸಿಂಗಪುರದಲ್ಲಿ ಅದರ ವಾಸನೆ ನನಗೆ ಇವತ್ತಿಗೂ ಸಿಗುವುದು ಅಪ್ಪನ ಆಲ್ಬಮ್ಮಿನಲ್ಲೇ; ಗಮ್ ಜೊತೆ ಬರುತ್ತಿದ್ದ ಹಳೆಯ ಬೇಸ್‌ಬಾಲ್ ಕಾರ್ಡುಗಳಲ್ಲಿ.

ಒಂದು ಮಧ್ಯಾಹ್ನ ಬೆಡೋಕ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ಅಂಕಲ್ ಒಬ್ಬರಿಗೆ ಅಪ್ಪ ಅವನ್ನು ತೋರಿಸುತ್ತಿದ್ದರು.

"ಇವನ ಅಪ್ಪ ಗಣೀಲಿ ಕೂಲಿ. ಇವ್ನು ಬೆರಳು ಮುರ್ಕೊಂಡೂ ಆಡ್ದ."

ಒಬ್ಬೊಬ್ಬ ಆಟಗಾರನ ಕಥೆಯೂ ಅವರಿಗೆ ಬಾಯಿಪಾಠ.

"ಮಗಳು ಯಾವ ಕ್ಲಾಸು?" ಎಂದರು ಅಂಕಲ್.

"ಪ್ರೈಮರಿ ತ್ರೀ... ಅಲ್ವಾ ಪುಟ್ಟಿ?"

"ಪ್ರೈಮರಿ ಫೈವ್ ಲಾ, ಅಪ್ಪಾ!" ಎಂದು ಸಿಂಗಪುರದ ಮಕ್ಕಳ ಧಾಟಿಯಲ್ಲೇ ಕೂಗಿದೆ.

ಅವತ್ತೇ ರಟ್ಟು ಕತ್ತರಿಸಿ ನನ್ನ ಚಿತ್ರ ಬರೆದೆ. ಆಟಗಾರರ ಕಾರ್ಡಿನಂತೆಯೇ ಹಿಂದೆ ಹೆಸರು, ಕ್ಲಾಸು, ಯಾವ ಕೈಯವಳು ಎಂಬಲ್ಲಿ 'ಎಡಗೈ' ಎಂದು ತುಂಬಿಸಿದೆ. ಬೆರಳು ಮುರಿದವನನ್ನು ಕಿತ್ತು ಡ್ರಾಯರಿಗೆ ಎಸೆದು, ಅವನ ಜಾಗದಲ್ಲಿ ನನ್ನನ್ನು ತುರುಕಿದೆ.

ಮುಂದಿನ ವರ್ಷ ನಾನು ಆಲ್ಬಮ್ಮಿನಿಂದ ಆ ಕಾರ್ಡು ತೆಗೆದು ತಿರುಗಿಸಿದಾಗ 'ಪ್ರೈಮರಿ ಫೈವ್' ಮೇಲೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ಅಪ್ಪನ ಅಕ್ಷರ: 'ಸಿಕ್ಸ್'.