ಭಟ್ಟಿ ಮೂಲೆಯ ಮಣ್ಣು

"ಭಟ್ಟಿ ಇದ್ದ ಮೂಲೆಯಿಂದ ತೆಗಿ ಹೆಣ್ಣೆ! ಶೆಟ್ರ್ ತೋರ್ಸಿದಲ್ಲಿಂದ ತೆಗಿಬೇಡ!"

ಗೇಟಿನ ಕಂಬಿ ಹಿಡಿದು ಸುಗುಣ, ಮಣ್ಣು ಪರೀಕ್ಷೆಗೆ ಬಂದ ಹುಡುಗಿಗೆ ಕೂಗಿದಳು. ರಾಜೇಂದ್ರ ಶೆಟ್ಟಿ ತಿರುಗಿಯೂ ನೋಡಲಿಲ್ಲ. ಕೂಗಲಿ, ಗಂಟಲು ಅವಳದೇ. ಅವನಿಗೂ ಬೇಕಾಗಿದ್ದದ್ದು ಅದೇ ಮೂಲೆ.

ಹಂಗಾರಕಟ್ಟೆಯ ಹೊಳೆ ದಂಡೆಯ ಆ ಹಳೆ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಅವನು ವರ್ಷಗಟ್ಟಲೆ ಹಳೆ ಬ್ಯಾಟರಿ ಒಡೆಸಿ, ಸೀಸ ಕರಗಿಸಿ ಮಾರಿದ್ದ. ಭಟ್ಟಿ ಆರಿ ಕೆಲವು ವರ್ಷವಾಗಿತ್ತು. ಈಗ ಜಾಗವನ್ನು ರೆಸಾರ್ಟಿನವರಿಗೆ ಮಾರುವ ಮಾತು. ಮಣ್ಣು ಶುದ್ಧವಿದೆ ಎಂದು ಇಲಾಖೆ ಹೇಳಿದರೆ ಮಾರಾಟ. ಇಲ್ಲವಾದರೆ ಇಡೀ ಜಾಗದ ಮಣ್ಣು ಕೆರೆಸಿ, ಲಾರಿಯಲ್ಲಿ ದೂರ ಸಾಗಿಸಬೇಕು, ಅದೂ ಅವನದೇ ಖರ್ಚಿನಲ್ಲಿ. ದೂರು ಕೊಟ್ಟವಳು ಶೆಡ್ಡಿನ ಪಕ್ಕದ ಮನೆಯ ಮೀನುಗಾರ ಬಚ್ಚನ ಹೆಂಡತಿ, ಇದೇ ಸುಗುಣ.

ಅವಳ ಮುಖ ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವರ ಮನೆ ಬಾವಿಯ ನೀರು ಕೆಟ್ಟ ವರ್ಷ ಅವಳು ಇದೇ ಗೇಟಿನೆದುರು ಹಿಡಿ ಮಣ್ಣು ತೂರಿ ಶಪಿಸಿದ್ದಳು: "ನಮ್ಗೆ ವಿಷ ಕುಡ್ಸಿದವ್ರ ಮನೆಲಿ ತೊಟ್ಲ್ ಕಟ್ದೇ ಹೋಯ್ಲಿ!" ಮರುವರ್ಷ ಮಗಳು ಸೌಜನ್ಯ ಬಸುರಿಯಾಗಿ ಮುಂಬೈಯಿಂದ ತವರಿಗೆ ಬಂದಳು. ಬಂದ ಎರಡು ತಿಂಗಳಿಗೆ ಗರ್ಭ ಹೋಯಿತು. ಡಾಕ್ಟರು ಏನೇನೋ ಹೇಳಿದರು. ರಾಜೇಂದ್ರನಿಗೆ ಡಾಕ್ಟರು ಬೇಕಿರಲಿಲ್ಲ. ಆ ಹೆಂಗಸಿನ ನಾಲಿಗೆಯೇ ಕಾರಣವೆಂದು ಅವನಿಗೆ ಗೊತ್ತಿತ್ತು.

ಈಗ ಸೌಜನ್ಯ ಮತ್ತೆ ಆರು ತಿಂಗಳ ಬಸುರಿ. ಈ ಸಲ ಅವನು ಬಿಟ್ಟಾನೆಯೇ? ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಸುಗುಣಳ ಕಣ್ಣು ಬೀಳದಂತೆ ಅಂಗಳಕ್ಕೂ ಬಿಡಲಿಲ್ಲ. ಪೇಟೆಯ ತರಕಾರಿಗೆಲ್ಲ ಮದ್ದು ಹೊಡೆದಿರುತ್ತಾರೆಂದು ಒಳಗೆ ಸೇರಿಸಲಿಲ್ಲ. ಮನೆಯ ನೀರು, ಹಿತ್ತಲ ಸೊಪ್ಪು, ಕುಚ್ಚಲಕ್ಕಿ ಗಂಜಿ. ಮೊಮ್ಮಗುವನ್ನು ಎತ್ತಿಕೊಂಡು ಒಮ್ಮೆ ಈ ಗೇಟಿನೆದುರೇ ನಡೆದು ಹೋಗಬೇಕು, ಅವಳು ನೋಡಬೇಕು ಎಂಬುದೊಂದೇ ಅವನ ಆಸೆ.

"ಭಟ್ಟಿ ಬೂದಿ ಎಲ್ಲಿ ಹಾಕ್ತಿದ್ರಿ?" ದೀಕ್ಷಾ ಕೇಳಿದಳು. ಮಣ್ಣು ಪರೀಕ್ಷೆಗೆ ಇಲಾಖೆಯಿಂದ ಬಂದ ಹುಡುಗಿ, ಶಿರೂರಿನವಳು.

"ಒಂದ್ ಮುಷ್ಟಿ ಹೊರ್ಗ್ ಹಾಕಿದ್ದಿಲ್ಲೆ ಮೇಡಂ. ಎಲ್ಲ ನಮ್ ಹಿತ್ಲಿಗೇ ಹೋಯಿತ್, ಗೊಬ್ರಕ್ಕೆ."

"ಸುಳ್ಳ್! ಶೆಟ್ರ್ ಬಾಯಿ ಬಿಟ್ರೆ ಬರೀ ಸುಳ್ಳ್!" ಗೇಟಿನಿಂದ ಸುಗುಣ.

ಅಪರೂಪಕ್ಕೊಮ್ಮೆ ಅವನು ನಿಜ ಹೇಳಿದ್ದ. ನಂಬುವವರು ಯಾರೂ ಇರಲಿಲ್ಲ.

ದೀಕ್ಷಾ ಭಟ್ಟಿ ಮೂಲೆಗೆ ನಡೆದು ಅಗೆಯತೊಡಗಿದಳು. ರಾಜೇಂದ್ರ ನಿರಾಳವಾಗಿ ನಿಂತ. ಆ ಮೂಲೆಯ ಮಣ್ಣನ್ನು ಅವನು ಮೊನ್ನೆಯೇ ಮೊಣಕಾಲಾಳಕ್ಕೆ ತೆಗೆದು ಹೊಳೆಗೆ ಸುರಿದಿದ್ದ. ಕಾರಿನ ಡಿಕ್ಕಿಯಲ್ಲಿ ಒಳ್ಳೆಯ ಮಣ್ಣು ತಂದು ತುಂಬಿ, ಮೇಲೆ ಹಳೆ ಹಂಚಿನ ಚೂರು ಹರಡಿದ್ದ. ಆಳುಗಳನ್ನು ಕರೆದರೆ ಬಾಯಿ ಬಿಡುತ್ತಾರೆಂದು ಗುದ್ದಲಿಯನ್ನು ತಾನೇ ಹಿಡಿದಿದ್ದ. ಇವರು ಚಾಪೆಯಡಿ ನುಸುಳಿದರೆ ತಾನು ರಂಗೋಲಿಯಡಿ ನುಸುಳುವವನು. ಆ ಮಣ್ಣಿಗಿಂತ ಒಳ್ಳೆಯ ಮಣ್ಣು ಊರಲ್ಲೇ ಇಲ್ಲವೆಂದು ಅವನ ನಂಬಿಕೆ.

ಕಪ್ಪಗೆ, ಮೆತ್ತಗೆ ಮಣ್ಣು ಮೇಲೆ ಬಂತು. ಅದರಲ್ಲೊಂದು ಎರೆಹುಳ ಹೊರಳಿತು.

"ಭಟ್ಟಿ ಮೂಲೆಲಿ ಎರೆಹುಳ?" ದೀಕ್ಷಾ ತಲೆಯೆತ್ತಿದಳು.

"ಒಲೆ ಆರಿ ಸುಮಾರ್ ವರ್ಷ ಆಯ್ತಲ್ದಾ ಮೇಡಂ. ಭೂಮಿತಾಯಿ ಶುದ್ಧ ಮಾಡ್ಕಂಡಿದ್ಲ್."

"ನಿಮ್ ಕೈಗೆ ಎಂತ ಆಯ್ತ್? ಬೊಕ್ಕೆ ಬಂದಿತ್ತಲೆ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ರಾಜೇಂದ್ರ ಎರಡೂ ಕೈ ಜೇಬಿಗೆ ಸೇರಿಸಿದ.  ದೀಕ್ಷಾ ಡ್ರಿಲ್ಲಿನಂಥ ಒಂದು ಯಂತ್ರ ತೆಗೆದು ಮಣ್ಣಿಗೆ ಒತ್ತಿ ಹಿಡಿದಳು. ಸೀಸ ಎಷ್ಟಿದೆಯೆಂದು ಅದು ನಿಂತಲ್ಲೇ ಹೇಳುತ್ತದಂತೆ. ಹೇಳಲಿ ಎಂದುಕೊಂಡ ಅವನು.

ಯಂತ್ರ ಕೀಂಯ್ ಎಂದಿತು. ದೀಕ್ಷಾ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಒತ್ತಿದಳು.

"ಶೆಟ್ರೆ, ಬರೀ ಸೀಸ ಇದ್. ಮಿತಿಗಿಂತ ಎಷ್ಟೋ ಮೇಲೆ."

"ನಿಮ್ ಮೆಶಿನ್ ಸಮ ಇಲ್ಲೆ!" ಅವನು ಹೊಳೆ ದಂಡೆಗೆ ಓಡಿ ಹಿಡಿ ಮರಳು ತಂದು ಎದುರಿಗೆ ಸುರಿದ. "ಇದ್ರಗೂ ಸೀಸ ತೋರ್ಸ್ತಾ ಕಾಣಿ!"

ಮರಳಲ್ಲಿ ಏನೂ ತೋರಿಸಲಿಲ್ಲ. ಮತ್ತೆ ಆ ಕಪ್ಪು ಮಣ್ಣಿಗೆ ಒತ್ತಿದಳು. ಮತ್ತೆ ಅದೇ ಕೀಂಯ್.

"ಸಾಧ್ಯವೇ ಇಲ್ಲೆ! ಇದ್ ಭಟ್ಟಿ ಮಣ್ಣೇ ಅಲ್ಲ!"

ಬಾಯಿ ಜಾರಿತ್ತು. ದೀಕ್ಷಾ ಅವನನ್ನೇ ನೋಡಿದಳು. "ಮತ್ತೆ ಎಲ್ಲಿದ್ ಮಣ್ಣ್ ಶೆಟ್ರೆ?"

ಅವನು ಕಾಲಿನಿಂದ ಹಂಚಿನ ಚೂರುಗಳನ್ನು ಮತ್ತೆ ಗುಂಡಿಗೆ ತಳ್ಳತೊಡಗಿದ. 

ಗೇಟು ತಳ್ಳಿಕೊಂಡು ಸುಗುಣ ಒಳಗೇ ಬಂದಳು. "ಮೇಡಂ, ಇಂಥ ಮಣ್ಣಗ್ ಬೆಳ್ದ ಸೊಪ್ಪ್ ತಿಂಬುಕಾತ್ತಾ? ನಮ್ ಹರಿವೆ ಎಲ್ಲ ಬೇಲಿ ಬದಿಯಗೇ ಇತ್ತ್."

"ತಿನ್ಬೇಡಿ ಸುಗುಣಕ್ಕ. ಬಸ್ರಿ ಹೆಂಗ್ಸ್ರಿಗಂತೂ ಕೊಡ್ಲೇಬೇಡಿ. ಹೊಟ್ಟೆಲಿಪ್ಪ ಮಗುವಿಗೆ ಮೊದ್ಲ್ ತಾಗುದ್. ಕೆಲವರಿಗೆ ಗರ್ಭ ನಿಲ್ಲುದೇ ಇಲ್ಲ."

ರಾಜೇಂದ್ರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ಸರೋಜ. ಒತ್ತಿ ಕಿವಿಗಿಟ್ಟ.

"ಹ್ವಾಯ್, ನಮ್ ಹಿತ್ಲ ಬಸಳೆ ಚಪ್ಪರದ ಬುಡ ಅಗ್ದದ್ದ್ ಹಂದಿ ಅಂದ್ರಿ ಅಲ್ದಾ ನೀವ್? ಹಂದಿ ಗುದ್ಲಿ ಹಿಡಿತ್ತಾ? ಯಾರೋ ಮಣ್ಣೆಲ್ಲ ಕದ್ಕಂಡ್ ಹೋಯಿರ್ ಕಾಣಿ. ಹೋಯ್ಲಿ ಬಿಡಿ, ಬಾಡುಕ್ ಮೊದ್ಲೇ ಬಳ್ಳಿ ಕೊಯ್ದ್ ಚಟ್ಲಿ ಮೀನ್ ಹಾಕಿ ಸಾರ್ ಮಾಡಿದೆ. ಸೌಜನ್ಯ ಮೂರ್ನೇ ಸಲ ಬಡ್ಸ್ಕಂಡ್ ಉಣ್ತಾ ಇತ್ತ್."