ಅಡುಗೆಮನೆಯ ಪ್ರೊಫೆಸರ್

ಮದುವೆಗೂ ಶವಸಂಸ್ಕಾರಕ್ಕೂ ಗಂಡ ಹಾಕಿಕೊಳ್ಳುತ್ತಿದ್ದ ಒಂದೇ ಒಂದು ಕರಿ ಕೋಟನ್ನು ತೊಟ್ಟು ಮಾರ್ಲಿಸ್ ಊಟದ ಮೇಜಿನ ತುದಿಯಲ್ಲಿ ನಿಂತಳು. ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ಗಂಟೆಯನ್ನು ಎತ್ತಿ ಬಾರಿಸಿದಳು.

"ಇವತ್ತಿಂದ ನಾನು ನಿನ್ನ ಅಮ್ಮ ಅಲ್ಲ. ಪ್ರೊಫೆಸರ್."

ಹದಿನೇಳರ ಮಗಳು ಬ್ರಿಟಾ ಕೈಯಲ್ಲಿದ್ದ ಮೆಕ್ಕೆಜೋಳದ ತೆನೆಯನ್ನು ತಟ್ಟೆಗಿಟ್ಟು ಅಪ್ಪನ ಮುಖ ನೋಡಿದಳು. ಡ್ವೇನ್ ಒಮ್ಮೆ ಕೋಟು ನೋಡಿದ, ಒಮ್ಮೆ ಮಗಳನ್ನು ನೋಡಿದ. "ಟ್ರ್ಯಾಕ್ಟರ್ ಯಾಕೋ ಸದ್ದು ಮಾಡ್ತಿದೆ," ಎಂದು ಗೊಣಗಿಕೊಂಡು ಎದ್ದು ಹೋದ. ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ತಣ್ಣಗೆ ನಿಂತಿತ್ತು.

ಬ್ರಿಟಾ ಶಾಲೆಯ ಮೆಟ್ಟಿಲು ತುಳಿದವಳಲ್ಲ. ಅಕ್ಷರದಿಂದ ಬೀಜಗಣಿತದವರೆಗೆ ಎಲ್ಲವನ್ನೂ ಇದೇ ಮೇಜಿನ ಮೇಲೆ, ಇದೇ ಅಮ್ಮನಿಂದ ಕಲಿತಿದ್ದಳು. ಇದು ಮನೆಪಾಠದ ಕೊನೆಯ ವರ್ಷ. ಇನ್ನೇನು ಉಳಿದಿದೆ ಎಂದು ಮಾರ್ಲಿಸ್ ಬೇಸಿಗೆ ಪೂರ್ತಿ ತಲೆ ಕೆಡಿಸಿಕೊಂಡಿದ್ದಳು. ಕೊನೆಗೆ ಹೊಳೆದಿತ್ತು. ಹುಡುಗಿ ತರಗತಿಯಲ್ಲಿ ಕೈ ಎತ್ತಿದವಳಲ್ಲ, ಒಂದು ಬಾಗಿಲು ತಟ್ಟಿದವಳಲ್ಲ, ಪರರಿಂದ ಒಂದು ಮಾತು ಅನ್ನಿಸಿಕೊಂಡವಳಲ್ಲ. ಮುಂದಿನ ವರ್ಷ ಕಾಲೇಜಿಗೆ ಹೋಗಿ ಪಿಳಿಪಿಳಿ ಕಣ್ಣು ಬಿಟ್ಟರೆ? ಆದ್ದರಿಂದ ಈ ವರ್ಷ ಮನೆಯೇ ಕಾಲೇಜು. ಮಗಳನ್ನು ಮನೆಯಲ್ಲೇ ಕೂರಿಸಿಕೊಂಡು ಮನೆ ಬಿಟ್ಟು ಹೋಗುವುದನ್ನು ಕಲಿಸುವುದು! ಇಂಥ ಬುದ್ಧಿ ಇನ್ಯಾರಿಗೆ ಬಂದೀತು ಎಂದು ಮಾರ್ಲಿಸ್ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಮರುದಿನ ಬೆಳಿಗ್ಗೆಯೇ ತಾಲೀಮು ನಡೆಯಿತು. ಕೋಳಿಗಳಿಗೆ ಕಾಳು ಹಾಕಿ ಬರುವಷ್ಟರಲ್ಲಿ ಬ್ರಿಟಾಗೆ ತಡವಾಯಿತು. "ತಡವಾಗಿ ಬಂದವರಿಗೆ ಪ್ರವೇಶವಿಲ್ಲ," ಎಂದು ಪ್ರೊಫೆಸರ್ ಗುಡುಗಿದರು. ಮಗಳು ತೆಪ್ಪಗೆ ತಿರುಗಿ ಜಗಲಿಗೆ ನಡೆದಳು. ಪ್ರೊಫೆಸರರ ಗಟ್ಟಿತನ ಅಲ್ಲಿಗೆ ಮುಗಿಯಿತು.

"ತಿಂಡಿ ತಿಂದ್ಯೇನೇ?"

"ಅಮ್ಮ, ಪ್ರೊಫೆಸರ್‌ಗಳು ಹಾಗೆಲ್ಲ ಕೇಳ್ತಾರಾ?"

"ಒಳ್ಳೆಯವರು ಕೇಳ್ತಾರೆ. ನಡಿ ಒಳಗೆ."

ಮಧ್ಯಾಹ್ನ ಪ್ರೊಫೆಸರರ ಭೇಟಿಯ ಸಮಯ. ಕಚೇರಿ ಎಂದರೆ ಬಟ್ಟೆ ಒಗೆಯುವ ಕೋಣೆ. ವಾಷಿಂಗ್ ಮಷಿನ್ನಿಗೂ ಫ್ರೀಜರ್‌ಗೂ ನಡುವೆ ಮಗುಚಿಟ್ಟ ಬಕೆಟ್ಟಿನ ಮೇಲೆ ಮಾರ್ಲಿಸ್ ಕೋಟು ಸರಿಮಾಡಿಕೊಂಡು ಕುಳಿತಳು. ಬಾಗಿಲು ತಟ್ಟಬೇಕು, 'ಬನ್ನಿ' ಎಂದ ಮೇಲೆಯೇ ಒಳಗೆ ಬರಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದಳು. ಬ್ರಿಟಾ ತಟ್ಟಿದಳು, ಕಾದಳು, ಬಂದಳು.

"ಮೇಡಂ, ಮನೇಲಿ ಒಂದು ತೊಂದ್ರೆ ಇದೆ."

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಮಾರ್ಲಿಸ್ ಒಳಗೊಳಗೇ ಹಿಗ್ಗಿದಳು. "ಸಂಕೋಚ ಬೇಡ, ಹೇಳಿ."

"ನಮ್ಮಮ್ಮಂಗೆ ಒಂದು ವಿಷಯ ಹೇಳ್ಬೇಕು. ಬಾಯೇ ಬರ್ತಿಲ್ಲ."

"ಯಾಕೆ, ಬೈತಾರಾ?"

"ಬೈದ್ರೆ ಪರವಾಗಿರ್ಲಿಲ್ಲ ಮೇಡಂ. ಬೇಜಾರಾದ್ರೆ 'ಏನಿಲ್ಲ ಬಿಡು' ಅಂತಾರೆ. ಆಮೇಲೆ ಆಪಲ್ ಪೈ ಮಾಡ್ತಾರೆ. ನಾವೆಲ್ಲ ಸುಮ್ನೆ ಕೂತು ತಿನ್ಬೇಕು."

"ಪೈ ಅಷ್ಟು ಕೆಟ್ಟದಾಗಿರುತ್ತಾ?" ಪ್ರೊಫೆಸರರ ದನಿ ಸ್ವಲ್ಪ ಮೇಲೇರಿತು.

"ಚೆನ್ನಾಗೇ ಇರುತ್ತೆ. ಗಂಟಲಲ್ಲಿ ಇಳಿಯಲ್ಲ ಅಷ್ಟೆ."

ಮಾರ್ಲಿಸ್ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿಕೊಂಡಳು. "ವಿಷಯ ಏನು?"

"ಪೇಟೆ ಕಾಲೇಜಲ್ಲಿ ನನ್ನಂಥ ಮನೆಪಾಠದವರನ್ನ ಕೊನೇ ವರ್ಷದಲ್ಲೇ ಸೇರಿಸ್ಕೋತಾರೆ. ನಂಗೆ ಸೀಟು ಸಿಕ್ಕಿದೆ, ಸೋಮವಾರ ಶುರು. ಹೋಗ್ಬೇಕು ಅಂತ ತುಂಬಾ ಆಸೆ ಮೇಡಂ." ಬ್ರಿಟಾ ನೆಲ ನೋಡಿದಳು. "ಆದ್ರೆ ಅಮ್ಮ ಬೇಸಿಗೆ ಪೂರ್ತಿ ಈ ವರ್ಷಕ್ಕೆ ಅಂತಾನೇ ತಯಾರಿ ಮಾಡಿದ್ದಾರೆ. ಕೋಟು ಬೇರೆ ಹಾಕ್ಕೊಂಡಿದ್ದಾರೆ."

"ನಿಮ್ಮ ತಂದೆಗೆ ಗೊತ್ತಾ?"

"ಗೊತ್ತು. 'ಅಮ್ಮಂಗೆ ಹೇಳು' ಅಂದ್ರು. ಅಷ್ಟು ಹೇಳಿ ಕೊಟ್ಟಿಗೆಗೆ ಹೋಗ್ಬಿಟ್ರು."

ಫ್ರೀಜರ್ ಗುರ್ರೆನ್ನುತ್ತಿತ್ತು. ಮಾರ್ಲಿಸಳಿಗೆ ಅಳು ಬಂತು, ನಗು ಬಂತು, ಬಕೆಟ್ಟಿನ ಮೇಲೆ ಕೋಟು ತೊಟ್ಟು ಕುಳಿತ ತನ್ನ ಅವತಾರ ಕಂಡು ನಾಚಿಕೆಯೂ ಆಯಿತು. ಹುಡುಗಿ ಬಾಗಿಲು ತಟ್ಟಿದ್ದಳು, ಕಾದಿದ್ದಳು, ಹೇಳಲಾಗದ್ದನ್ನು ಹೇಳಿದ್ದಳು. ಇಡೀ ವರ್ಷದ ಪಾಠ ಮೊದಲ ದಿನವೇ ಮುಗಿದಿತ್ತು. ಪಾಸಾದವಳನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸಿಕೊಳ್ಳಲು ಯಾವ ಪ್ರೊಫೆಸರರಿಗೂ ಆಗುವುದಿಲ್ಲ. ಅಮ್ಮಂದಿರ ಮಾತು ಬೇರೆ.

"ನೇರವಾಗಿ ಹೋಗಿ ಹೇಳಿ," ಎಂದರು ಪ್ರೊಫೆಸರ್. "ಪೈ ಮಾಡಿದ್ರೆ ತಿನ್ನಿ. ಎರಡನೇ ಸಲ ಬಡಿಸೋಕೆ ಬಂದ್ರೆ ಬೇಡ ಅನ್ನಿ. ಅದನ್ನೂ ಕಲೀಬೇಕು."

"ಈಗ್ಲೇ ಹೇಳ್ಲಾ ಮೇಡಂ?"

"ಸ್ವಲ್ಪ ತಾಳಿ. ಅವರು ಅಡುಗೆಮನೆಗೆ ಹೋಗ್ಲಿ."

ಮಗಳು ಹೊರಗೆ ಹೋದ ಮೇಲೆ ಮಾರ್ಲಿಸ್ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದಳು. ಮುಖ ತೊಳೆದುಕೊಂಡಳು. ಅಡುಗೆಮನೆಗೆ ಹೋಗಿ, ಒಳಬರುವ ದಾರಿಗೆ ಬೆನ್ನು ಮಾಡಿ ನಿಂತಳು. ಕೈ ತಾನಾಗಿ ಪೈ ಹಿಟ್ಟಿನ ಡಬ್ಬಿಗೆ ಹೋಯಿತು. ಅದನ್ನು ಹಿಂದಕ್ಕೆ ತಳ್ಳಿ ಮೆಕ್ಕೆಜೋಳದ ಸಿಪ್ಪೆ ಸುಲಿಯತೊಡಗಿದಳು.

ಆ ಅಡುಗೆಮನೆಗೆ ಬಾಗಿಲೇ ಇರಲಿಲ್ಲ, ಬರೀ ಚೌಕಟ್ಟು. ಹಸಿದವರು, ಬಿದ್ದು ಮಂಡಿ ತರಚಿಕೊಂಡವರು ಸೀದಾ ನುಗ್ಗಿ ಬರುತ್ತಿದ್ದ ಜಾಗ ಅದು. ಆ ಚೌಕಟ್ಟಿನ ಮರವನ್ನು ಬ್ರಿಟಾ ಮೆಲ್ಲಗೆ ತಟ್ಟಿದಳು.

ಮಾರ್ಲಿಸ್ ತಿರುಗದೆ ಇನ್ನೊಂದು ತೆನೆ ಕೈಗೆತ್ತಿಕೊಂಡಳು. 'ಬನ್ನಿ' ಎಂದ ಮೇಲೆಯೇ ಒಳಗೆ ಬರಬೇಕೆಂದು ತಾನೇ ಕಲಿಸಿದ್ದಳಲ್ಲ. ಮಗಳು ಕಾಯುತ್ತ ಹೊರಗೇ ನಿಂತಿದ್ದಳು.