ಹಾಜರಿ

ಎಂಟು ವರ್ಷದ ಮೇದಿನಿಗೆ ಆಟಿಸಂ. ಶಾಲೆಯಲ್ಲಿ ಅವಳು ಆಡುವುದು ಒಂದೇ ಮಾತು. ಬೆಳಿಗ್ಗೆ ಹಾಜರಿ ಕರೆಯುವಾಗ ತನ್ನ ಹೆಸರು ಬಂದ ತಕ್ಷಣ ಎದ್ದು ನಿಂತು, ಗಟ್ಟಿಯಾಗಿ, "ಪ್ರೆಸೆಂಟ್ ಮಿಸ್" ಎನ್ನುತ್ತಾಳೆ.

ಅದಾಗಿ ಅರ್ಧ ಗಂಟೆಗೆ ಅವಳ ತಾಯಿಗೆ ಫೋನ್ ಬರುತ್ತದೆ. "ಕಿವಿ ಮುಚ್ಕೊಂಡು ಕಿರುಚ್ತಿದಾಳೆ, ಬೇರೆ ಮಕ್ಕಳಿಗೆ ಪಾಠ ಮಾಡೋಕಾಗ್ತಿಲ್ಲ. ಬಂದು ಕರ್ಕೊಂಡು ಹೋಗಿ."

ಜೂನ್‌ನಿಂದ ದಿನವೂ ಇದೇ. ಕೊನೆಗೆ ತಾಯಿ ಶಿಕ್ಷಣಾಧಿಕಾರಿಗೆ ದೂರು ಕೊಟ್ಟಳು. ಅಧಿಕಾರಿ ಎಲ್ಲರನ್ನೂ ತಮ್ಮ ಕಚೇರಿಗೆ ಕರೆಸಿದರು.

ಮುಖ್ಯೋಪಾಧ್ಯಾಯಿನಿ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ನೋಡಿ ಮೇಡಂ, ಒಂದು ದಿನಾನೂ ತಪ್ಪಿಲ್ಲ. ನಾವ್ಯಾಕೆ ಮಗೂನ ಹೊರಗೆ ಹಾಕೋಣ?"

"ಹೆಸರು ಕರೆದಾದ ಮೇಲೇ ಕಳಿಸೋದು ಮೇಡಂ," ಎಂದಳು ತಾಯಿ. "ಆಮೇಲೆ ಅವಳು ಕ್ಲಾಸಲ್ಲಿ ಇರೋದೇ ಇಲ್ಲ."

"ಕಳಿಸ್ತಿದೀವಿ ಅಂತ ಏನಾದ್ರೂ ಬರೆದು ಕೊಟ್ಟಿದಾರಾ?" ಅಧಿಕಾರಿ ಕೇಳಿದರು.

"ಇಲ್ಲ. ಬರೀ ಫೋನು."

"ಫೋನಲ್ಲಿ ಆರೋಗ್ಯ ವಿಚಾರಿಸ್ತೀವಿ ಮೇಡಂ, ಅಷ್ಟೇ," ಎಂದರು ಮುಖ್ಯೋಪಾಧ್ಯಾಯಿನಿ.

ಅಧಿಕಾರಿ ಪುಸ್ತಕ ಮುಚ್ಚಿದರು. "ಪುಸ್ತಕದಲ್ಲಿ ಏನು ಬೇಕಾದ್ರೂ ಬರೀಬಹುದು. ಮಗೂನೇ ಕೇಳೋಣ."

ತಾಯಿ ಕುರ್ಚಿಯಿಂದ ಅರ್ಧ ಎದ್ದಳು. "ಬೇಡ ಮೇಡಂ, ಅವಳು..."

ಅಷ್ಟರಲ್ಲಿ ಅಧಿಕಾರಿ, ಮಗು ಕೂತಿದ್ದ ಬೆಂಚಿನ ಕಡೆ ತಿರುಗಿ, ಬಹಳ ಅಕ್ಕರೆಯಿಂದ ಕರೆದರು.

"ಮೇದಿನಿ."

ಹುಡುಗಿ ಎದ್ದು ನಿಂತಳು.

"ಪ್ರೆಸೆಂಟ್ ಮಿಸ್."